ಅಂಗಳದಲ್ಲೇ ಅಲೈನ್‌ಮೆಂಟ್

ಟೈರಿನ ಒಳಗಿನ ಅಂಚನ್ನು ಯಾರೂ ನೋಡುವುದಿಲ್ಲ. ಕಾರು ತೊಳೆಯುವಾಗ ಕಣ್ಣಿಗೆ ಬೀಳುವುದು ಹೊರಗಿನ ಮೈ. ಕಪ್ಪು ಪಾಲಿಶ್ ಹಚ್ಚುವುದೂ ಅದಕ್ಕೇ. ಕಳೆದ ಸೆಮಿಸ್ಟರ್ ರಜೆಗೆ ತಿಪಟೂರಿನ ಮನೆಗೆ ಹೋದಾಗ ಅಪ್ಪ ನಮ್ಮ ಮಾರುತಿ 800 ಅನ್ನು ಸ್ಟೇರಿಂಗ್ ಪೂರ್ತಿ ಬಲಕ್ಕೆ ತಿರುಗಿಸಿದ ಹಾಗೇ ನಿಲ್ಲಿಸಿದ್ದರು. ಬಲಗಡೆಯ ಮುಂದಿನ ಚಕ್ರ ಹೊರಗೆ ಮುಖ ಚಾಚಿತ್ತು. ಚಪ್ಪಲಿ ಬಿಡಲು ಬಗ್ಗಿದವನು ಹಾಗೇ ನಿಂತುಬಿಟ್ಟೆ. ಟೈರಿನ ಮುಕ್ಕಾಲು ಭಾಗ ಹೊಸದರ ಹಾಗೆ ಇದೆ, ಒಳಅಂಚಿನ ಎರಡು ಬೆರಳಗಲ ಮಾತ್ರ ಬೋಳು. ಒಂದು ಕಡೆ ರಬ್ಬರು ಹೋಗಿ ಒಳಗಿನ ತಂತಿ ಇಣುಕುತ್ತಿತ್ತು.

ದೀಪಾವಳಿಗೆ ಮುಂಚೆ ಹಾಕಿಸಿದ ಟೈರುಗಳು ಅವು. ಓಡಿದ್ದು ಹೆಚ್ಚೆಂದರೆ 7,000 ಕಿ.ಮೀ. ಎರಡಕ್ಕೂ ಸೇರಿ ಆರು ಸಾವಿರದ ಹತ್ತಿರ ಕೊಟ್ಟಿದ್ದೆವು. ಕಾರಿನ ಟೈರಿನಲ್ಲಿ ಉಬ್ಬು ಕನಿಷ್ಠ 1.6 ಮಿ.ಮೀ. ಉಳಿದಿರಬೇಕು ಎನ್ನುತ್ತದೆ ನಿಯಮ. ಇಲ್ಲಿ ಉಬ್ಬು ಹೋಗಲಿ, ಅದರ ಕೆಳಗಿನದೂ ಉಳಿದಿರಲಿಲ್ಲ.

ದುಡ್ಡಿಗಿಂತ ಹೆಚ್ಚಾಗಿ ನನಗೆ ಹೆದರಿಕೆಯಾಗಿದ್ದು ಬೇರೆ ಕಾರಣಕ್ಕೆ. ಅಪ್ಪನದು ಪಂಪ್‌ಸೆಟ್ ಮೋಟರ್ ರಿವೈಂಡಿಂಗ್ ಅಂಗಡಿ. ಬೇಸಿಗೆಯಲ್ಲಿ ತೋಟಗಳ ಬೋರ್‌ವೆಲ್ ಮೋಟರುಗಳು ಒಂದರ ಹಿಂದೆ ಒಂದು ಸುಡುತ್ತವೆ. ಹಿಂದಿನ ಸೀಟು ಮಡಚಿ ಅಲ್ಲಿ ಸಬ್‌ಮರ್ಸಿಬಲ್ ಮೋಟರು ಮಲಗಿಸಿಕೊಂಡು ಹೊನ್ನವಳ್ಳಿ, ನೊಣವಿನಕೆರೆ ಕಡೆಯಿಂದ ರಾತ್ರಿ ಹತ್ತಕ್ಕೆ ಬಿ.ಎಚ್. ರಸ್ತೆಗೆ ಬಂದು ಸೇರುತ್ತಾರೆ. ಎದುರಿನಿಂದ ಲಾರಿಗಳು. ಎಂಟು ತಿಂಗಳು ಆ ಟೈರಿನ ಮೇಲೆ ಅವರು ಓಡಾಡಿದ್ದಾರೆ. ಕಾರು ಎಡಕ್ಕೆ ಎಳೆಯುತ್ತದೆ ಎಂದು ಫೋನಿನಲ್ಲಿ ಒಂದೆರಡು ಸಲ ಅಂದಿದ್ದರು ಕೂಡ. ‘ಅಲೈನ್‌ಮೆಂಟ್ ಮಾಡಿಸಿ ಅಪ್ಪಾ’ ಎಂದು ಹೇಳಿ ನಾನು ಫೋನಿಟ್ಟಿದ್ದೆ. ಅವರು ಮಾಡಿಸಿಯೂ ಇದ್ದರು. ಬೈಪಾಸಿನ ಒಂದು ಅಂಗಡಿಯಲ್ಲಿ 400 ರೂಪಾಯಿ ಕೊಟ್ಟು, ಕಂಪ್ಯೂಟರ್ ಪರದೆಯಲ್ಲಿ ಹಸಿರು ಬಣ್ಣ ನೋಡಿ ಬಂದಿದ್ದರು.

ಹಾಗಾದರೆ ಟೈರು ಯಾಕೆ ಸವೆಯಿತು?

ನಾನು ಓದುತ್ತಿರುವುದು ಮೆಕ್ಯಾನಿಕಲ್. ಆಕರ್‌ಮನ್ ಸ್ಟೇರಿಂಗ್ ಚಿತ್ರವನ್ನು ಪರೀಕ್ಷೆಯಲ್ಲಿ ಸ್ಕೇಲು ಹಿಡಿದು ನೀಟಾಗಿ ಬರೆದು ಅಂಕ ಪಡೆದವನು. ಜರ್ಮನಿಯ ಮ್ಯೂನಿಕ್‌ನ ಲಾಂಕೆನ್‌ಸ್ಪರ್ಗರ್ ಎಂಬ ಗಾಡಿ ತಯಾರಕ ಕಂಡುಹಿಡಿದದ್ದನ್ನು, ಆಕರ್‌ಮನ್ ಅವನ ಪರವಾಗಿ 1818ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಮಾಡಿಸಿದ ಎಂಬ ಕಥೆಯೂ ಗೊತ್ತು. ಆದರೆ ಆ ಚಿತ್ರದಲ್ಲಿ ಒಂದು ಗೆರೆಯಾಗಿದ್ದ ಟೈ ರಾಡ್ ನಮ್ಮ ಕಾರಿನಲ್ಲಿ ಎಲ್ಲಿದೆ ಎಂದು ಕೇಳಿದ್ದರೆ ತಲೆ ಕೆರೆದುಕೊಳ್ಳುತ್ತಿದ್ದೆ.

ಮೊದಲು ಒಂದು ಗೊಂದಲ ಬಿಡಿಸುತ್ತೇನೆ. ಇದು ನನಗೂ ಇತ್ತು. ವೀಲ್ ಬ್ಯಾಲೆನ್ಸಿಂಗ್ ಬೇರೆ, ಅಲೈನ್‌ಮೆಂಟ್ ಬೇರೆ. ವೇಗ ಹೆಚ್ಚಿದಾಗ ಸ್ಟೇರಿಂಗ್ ನಡುಗಿದರೆ ಅದು ಸಾಮಾನ್ಯವಾಗಿ ಬ್ಯಾಲೆನ್ಸಿಂಗ್ ಸಮಸ್ಯೆ. ಚಕ್ರದ ಸುತ್ತ ತೂಕ ಒಂದೇ ಸಮ ಇಲ್ಲ ಎಂದರ್ಥ, ರಿಮ್ಮಿಗೆ ಸಣ್ಣ ತೂಕ ಬಡಿದು ಸರಿಮಾಡುತ್ತಾರೆ. ಅಲೈನ್‌ಮೆಂಟ್ ಅಂದರೆ ಚಕ್ರ ಯಾವ ಕಡೆಗೆ ಮುಖ ಮಾಡಿ ನಿಂತಿದೆ ಎನ್ನುವುದು. ಅದರಲ್ಲಿ ಮೂರು ಕೋನಗಳಿವೆ. ಎದುರಿನಿಂದ ನೋಡಿದಾಗ ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿದ್ದರೆ ಅದು ಕ್ಯಾಂಬರ್. ಸೈಕಲ್ಲಿನ ಮುಂದಿನ ಫೋರ್ಕ್ ಓರೆಯಾಗಿರುತ್ತದಲ್ಲ, ಕೈ ಬಿಟ್ಟರೂ ಸೈಕಲ್ ನೆಟ್ಟಗೆ ಹೋಗುವುದಕ್ಕೆ ನೆರವಾಗುವ ಆ ಓರೆ ಕಾಸ್ಟರ್. ಮೂರನೆಯದು ಟೋ. ಎದ್ದು ನಿಂತು ಎರಡೂ ಪಾದ ನೋಡಿಕೊಳ್ಳಿ. ಹೆಬ್ಬೆರಳುಗಳು ಒಂದರ ಕಡೆ ಒಂದು ತಿರುಗಿದ್ದರೆ ಟೋ-ಇನ್, ಬಾತುಕೋಳಿಯ ಹಾಗೆ ಹೊರಕ್ಕೆ ತಿರುಗಿದ್ದರೆ ಟೋ-ಔಟ್.

ಮಾರುತಿ 800ರಲ್ಲಿ ನಾವು ತಿರುಗಿಸಿ ಹೊಂದಿಸಬಹುದಾದದ್ದು ಟೋ ಒಂದೇ, ಅದೂ ಮುಂದಿನ ಚಕ್ರಗಳಲ್ಲಿ ಮಾತ್ರ. ಕ್ಯಾಂಬರ್ ಕೆಟ್ಟಿದೆ ಅಂದರೆ ಏನೋ ಸೊಟ್ಟಗಾಗಿದೆ ಅಥವಾ ಸವೆದಿದೆ ಎಂದೇ ಲೆಕ್ಕ. ಆದರೆ ಟೈರನ್ನು ಬೇಗ ತಿನ್ನುವುದೂ ಈ ಟೋ ಎಂಬುದೇ. ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ನಮ್ಮ ಕಾರಿನ ರಿಮ್ಮಿನ ಒಂದಂಚಿನಿಂದ ಇನ್ನೊಂದಂಚಿಗೆ ಸುಮಾರು 330 ಮಿ.ಮೀ. ಒಂದು ಚಕ್ರ ಬರೀ 3 ಮಿ.ಮೀ. ಹೊರಕ್ಕೆ ತಿರುಗಿದೆ ಎಂದುಕೊಳ್ಳಿ. ಕಾರು ಒಂದು ಕಿಲೋಮೀಟರು ಮುಂದೆ ಹೋಗುವಷ್ಟರಲ್ಲಿ ಆ ಟೈರು 9 ಮೀಟರಿನಷ್ಟು ಅಡ್ಡಡ್ಡ ಉಜ್ಜಿರುತ್ತದೆ. ಏಳು ಸಾವಿರ ಕಿಲೋಮೀಟರಿಗೆ 63 ಕಿಲೋಮೀಟರು. ತಿಪಟೂರಿನಿಂದ ತುಮಕೂರಿನ ಆಸುಪಾಸಿನವರೆಗೆ ಟೈರನ್ನು ಪಕ್ಕಕ್ಕೆ ಎಳೆದುಕೊಂಡು ಹೋದ ಹಾಗೆ. ರಬ್ಬರು ಉಳಿಯುವುದು ಹೇಗೆ?

ಈ ಲೆಕ್ಕ ಅಪ್ಪನಿಗೆ ತೋರಿಸಿದೆ. ಅವರು ಹಾಳೆಯನ್ನು ನೋಡಲಿಲ್ಲ. ಟೈರಿನ ಮೇಲೆ ಅಂಗೈ ಇಟ್ಟು ಹೊರಗಿನಿಂದ ಒಳಕ್ಕೆ ಒಂದು ಸಲ, ಒಳಗಿನಿಂದ ಹೊರಕ್ಕೆ ಒಂದು ಸಲ ಸವರಿದರು. ‘ಒಂದು ಕಡೆಗೆ ನುಣ್ಣಗಿದೆ, ಇನ್ನೊಂದು ಕಡೆಗೆ ಗರಗಸ ಸವರಿದ ಹಾಗಿದೆ’ ಅಂದರು. ಟೋ ಸವೆತದ ಗುರುತೇ ಅದು ಎಂದು ನನಗೆ ಆಮೇಲೆ ಗೊತ್ತಾಯಿತು. ಹೊರಗಿನಿಂದ ಒಳಕ್ಕೆ ಸವರಿದಾಗ ಚುಚ್ಚಿದರೆ ಟೋ-ಔಟ್, ಒಳಗಿನಿಂದ ಹೊರಕ್ಕೆ ಸವರಿದಾಗ ಚುಚ್ಚಿದರೆ ಟೋ-ಇನ್. ಕಾರಿರುವವರು ಇವತ್ತೇ ನೋಡಬಹುದು. ಖರ್ಚಿಲ್ಲ, ಕೈ ಕಪ್ಪಾಗುತ್ತದೆ ಅಷ್ಟೆ. ತಂತಿ ಕಾಣುವ ಟೈರಿಗೆ ಮಾತ್ರ ಈ ಪರೀಕ್ಷೆ ಮಾಡಬೇಡಿ, ಬೆರಳು ಸೀಳುತ್ತದೆ.

ಮೊದಲ ಭಾನುವಾರ ನಾನು ಮಾಡಿದ್ದು ಶುದ್ಧ ದಡ್ಡತನ. ಡಿಕ್ಕಿಯಲ್ಲಿದ್ದ ಸ್ಕ್ರೂ ಜಾಕ್ ತೆಗೆದು, ಅಂಗಳದ ಮಣ್ಣಿನ ಮೇಲೆ ಒಂದು ಇಟ್ಟಿಗೆ ಇಟ್ಟು, ಅದರ ಮೇಲೆ ಜಾಕ್ ನಿಲ್ಲಿಸಿ ಮುಂದಿನ ಎಡಗಡೆ ಎತ್ತಿದೆ. ಚಕ್ರ ಬಿಚ್ಚಿದೆ. ನೆಲಕ್ಕೆ ಗೋಣಿಚೀಲ ಹಾಸಿ, ಮೊಬೈಲಿನ ಬೆಳಕು ಹಿಡಿದು ತಲೆ ಒಳಗೆ ತೂರಿಸಿದೆ. ಅಂಗಡಿಗೆ ಹೊರಟಿದ್ದ ಅಪ್ಪ ಒಂದು ನಿಮಿಷ ನಿಂತು ನೋಡಿದರು. ಏನೂ ಮಾತಾಡಲಿಲ್ಲ. ಬಿಚ್ಚಿಟ್ಟ ಚಕ್ರವನ್ನು ಉರುಳಿಸಿಕೊಂಡು ಬಂದು ಬಾಗಿಲಿನ ಕೆಳಗಿನ ಪಟ್ಟಿಯ ಅಡಿಗೆ ಅಡ್ಡಡ್ಡ ಮಲಗಿಸಿ, ಅದರ ಮೇಲೆ ಸ್ಟೆಪ್ನಿಯನ್ನೂ ಹೇರಿ ಹೋದರು. ಅಡ್ಡ ಬರುತ್ತದಲ್ಲ ಎಂದು ನನಗೆ ಸಿಟ್ಟೇ ಬಂತು.

ಹತ್ತು ನಿಮಿಷ ಕಳೆದಿರಬೇಕು. ಜಾಮ್ ಆಗಿದ್ದ ನಟ್ಟೊಂದಕ್ಕೆ ಪಾನಾ ಹಾಕಿ ಎರಡೂ ಕೈಯಲ್ಲಿ ಜಗ್ಗಿದೆ. ಇಟ್ಟಿಗೆ ಟಪ್ಪೆಂದು ಎರಡು ಹೋಳಾಯಿತು. ಜಾಕ್ ವಾಲಿತು. ಕಾರು ನನ್ನ ಕಿವಿಯ ಪಕ್ಕದಲ್ಲೇ ಇಳಿದು ಆ ಎರಡು ಚಕ್ರಗಳ ಮೇಲೆ ಕೂತಿತು. ಸದ್ದು ಕೂಡ ದೊಡ್ಡದೇನಲ್ಲ, ದಿಂಬಿನ ಮೇಲೆ ಯಾರೋ ಕೂತ ಹಾಗೆ. 800 ಅಂದರೆ ಪುಟ್ಟ ಕಾರು ಅನ್ನುತ್ತೇವೆ. ಅದರ ತೂಕ 650 ಕೆ.ಜಿ. ಸುಮಾರು. ಹೊರಗೆ ತೆವಳಿ ಬಂದು ಜಗಲಿಯ ಮೇಲೆ ಕೂತವನಿಗೆ ಎಷ್ಟೋ ಹೊತ್ತು ಎದ್ದು ನಿಲ್ಲಲು ಆಗಲಿಲ್ಲ. ಅಮ್ಮನಿಗೆ ಇದುವರೆಗೂ ಹೇಳಿಲ್ಲ. ಈ ಪುಟ ಅವಳು ಓದುತ್ತಾಳೆ, ಆದ್ದರಿಂದ ಇವತ್ತು ಹೇಳಿದ ಹಾಗಾಯಿತು.

ಹಾಗಾಗಿ ಈ ಬರಹದಲ್ಲಿ ನೀವು ಬೇರೇನು ಮರೆತರೂ ಇದನ್ನು ಮರೆಯಬೇಡಿ. ಜಾಕ್ ಇರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ಇಟ್ಟಿಗೆ, ಹಾಲೋ ಬ್ಲಾಕ್ ಇವು ಎಚ್ಚರಿಕೆ ಕೊಡದೆ ಒಡೆಯುತ್ತವೆ. ಮರುದಿನವೇ ಎರಡು ಜಾಕ್ ಸ್ಟ್ಯಾಂಡ್ ಕೊಂಡೆ, 1,800 ರೂಪಾಯಿ. ಗಟ್ಟಿ ನೆಲದ ಮೇಲೆ ಕಾರು ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಸ್ಟ್ಯಾಂಡಿನ ಮೇಲೆ ಕೂರಿಸಿದ ನಂತರ ಕಾರನ್ನು ಹೊರಗೆ ನಿಂತೇ ಜೋರಾಗಿ ಅಲುಗಾಡಿಸಿ ನೋಡುತ್ತೇನೆ. ಬೀಳುವುದಿದ್ದರೆ ನಾನು ಒಳಗೆ ಹೋಗುವ ಮುಂಚೆಯೇ ಬೀಳಲಿ. ಬಿಚ್ಚಿದ ಚಕ್ರ ಅಡಿಗೆ ತಳ್ಳುವುದನ್ನು ಈಗಲೂ ಬಿಟ್ಟಿಲ್ಲ.

ಎರಡನೆಯ ಭಾನುವಾರ ನಮ್ಮ ರಸ್ತೆಯ ಹಳೇ ಮೆಕ್ಯಾನಿಕ್ ಮಾಮನನ್ನು ಕರೆದುಕೊಂಡು ಬಂದೆ. ಕಣ್ಣು ಸ್ವಲ್ಪ ಮಂಜಾದ ಮೇಲೆ ಗ್ಯಾರೇಜು ಮಗನಿಗೆ ಬಿಟ್ಟಿದ್ದಾರೆ. ಎತ್ತಿ ನಿಲ್ಲಿಸಿದ ಕಾರಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಚಕ್ರವನ್ನು ಗಡಿಯಾರದ ಒಂಬತ್ತು ಮತ್ತು ಮೂರು ಗಂಟೆಯ ಜಾಗದಲ್ಲಿ ಹಿಡಿದು ಎಡಕ್ಕೂ ಬಲಕ್ಕೂ ಅಲ್ಲಾಡಿಸಿದರು. ಕಟಕ್, ಕಟಕ್. ‘ಕೇಳಿಸ್ತಾ ಇಂಜಿನಿಯರ್? ಇದು ಆಡ್ತಾ ಐತೆ. ಇದನ್ನ ಇಟ್ಕೊಂಡು ಯಾವ ಕಂಪ್ಯೂಟರ್‌ನಾಗೆ ಅಲೈನ್‌ಮೆಂಟ್ ಮಾಡಿಸಿದ್ರೂ ಗೇಟ್ ದಾಟೋದ್ರೊಳಗೆ ಕೆಡ್ತೈತೆ.’

ಆಡುತ್ತಿದ್ದದ್ದು ಟೈ ರಾಡ್ ಎಂಡ್. ಸ್ಟೇರಿಂಗಿನಿಂದ ಬರುವ ಸರಳನ್ನು ಚಕ್ರಕ್ಕೆ ಜೋಡಿಸುವ ಗುಂಡು ಕೀಲು ಅದು. ರಬ್ಬರ್ ಬೂಟು ಹರಿದು, ಗ್ರೀಸು ತೊಳೆದು ಹೋಗಿ, ಒಳಗೆ ದೂಳು ತುಂಬಿ ಗುಂಡು ಸವೆದಿತ್ತು. ಅದೇ ಚಕ್ರವನ್ನು ಹನ್ನೆರಡು ಮತ್ತು ಆರು ಗಂಟೆಯ ಜಾಗದಲ್ಲಿ ಹಿಡಿದು ಅಲ್ಲಾಡಿಸಿದಾಗ ಆಟ ಕಂಡರೆ ಬಾಲ್ ಜಾಯಿಂಟನ್ನೋ ವೀಲ್ ಬೇರಿಂಗನ್ನೋ ಅನುಮಾನಿಸಬೇಕು. ನಮ್ಮದರಲ್ಲಿ ಅವು ಗಟ್ಟಿಯಾಗಿದ್ದವು. ಬೈಪಾಸಿನ ಅಂಗಡಿಯವರನ್ನು ನಾನು ಮನಸ್ಸಿನಲ್ಲೇ ಬೈದುಕೊಂಡಿದ್ದೆ. ಅವರ ಯಂತ್ರ ಸುಳ್ಳು ಹೇಳಿರಲಿಲ್ಲ, ಆ ಕ್ಷಣಕ್ಕೆ ಚಕ್ರ ನೆಟ್ಟಗೇ ಇದ್ದಿರಬೇಕು. ಆದರೆ ಯಂತ್ರಕ್ಕೆ ಹಾಕುವ ಮುಂಚೆ ಒಂದು ಸಲ ಚಕ್ರ ಅಲ್ಲಾಡಿಸಿ ನೋಡಿದ್ದರೆ ಆರು ಸಾವಿರದ ಟೈರು ಉಳಿಯುತ್ತಿತ್ತು. ನೀವು ಅಲೈನ್‌ಮೆಂಟಿಗೆ ಹೋದಾಗ ‘ಮೊದಲು ಕೀಲುಗಳಲ್ಲಿ ಆಟ ಇದೆಯಾ ನೋಡಿ’ ಎಂದು ಕೇಳಿ, ಟೈರಿನ ಗಾಳಿಯನ್ನೂ ಸರಿಮಾಡಿಸಿ. ಇವೆರಡನ್ನೂ ಮಾಡದವರು ಅಳತೆ ತೆಗೆಯುವುದು ವ್ಯರ್ಥ.

ಯಾವುದನ್ನೂ ಬಿಚ್ಚುವ ಮುಂಚೆ ಇದ್ದ ಸ್ಥಿತಿಯನ್ನು ಅಳೆಯಬೇಕೆಂದು ಹಠ ಹಿಡಿದೆ. ಕಾಲೇಜಿನಲ್ಲಿ ಬಾಹಾ ಸ್ಪರ್ಧೆಗೆ ಗಾಡಿ ಕಟ್ಟುವ ಸೀನಿಯರ್‌ಗಳು ದಾರ ಎಳೆದು ಟೋ ನೋಡುವುದನ್ನು ಕಂಡಿದ್ದೆ. ದೊಡ್ಡ ರೇಸಿನ ತಂಡಗಳೂ ಟ್ರ್ಯಾಕಿನ ಬದಿಯಲ್ಲಿ ಹೀಗೇ ಮಾಡುತ್ತವೆ. ನಮ್ಮ ಮನೆಯಲ್ಲಿ ತೆಂಗಿನ ಸಸಿಗೆ ಸಾಲು ಹಿಡಿಯಲು ತಂದಿದ್ದ ನೈಲಾನ್ ದಾರ ಇತ್ತು. ನಾಲ್ಕು ಪೇಂಟ್ ಡಬ್ಬಿಗೆ ಮರಳು ತುಂಬಿ, ಒಂದೊಂದರಲ್ಲಿ ಒಂದು ಕೋಲು ನೆಟ್ಟು, ಕಾರಿನ ಎರಡೂ ಬದಿಗೆ ಚಕ್ರದ ಮಧ್ಯದ ಎತ್ತರಕ್ಕೆ ದಾರ ಬಿಗಿದೆ. ನಾಲ್ಕೂ ಹಬ್ಬಿನಿಂದ ದಾರಕ್ಕೆ ಒಂದೇ ಅಂತರ ಬರುವ ಹಾಗೆ ಡಬ್ಬಿಗಳನ್ನು ಸರಿಸಿದೆ. ಆಮೇಲೆ ಮುಂದಿನ ರಿಮ್ಮಿನ ಮುಂದಂಚಿನಿಂದ ದಾರಕ್ಕೆ ಎಷ್ಟು, ಹಿಂದಂಚಿನಿಂದ ಎಷ್ಟು ಎಂದು ಸ್ಟೀಲ್ ಸ್ಕೇಲಿನಲ್ಲಿ ಅಳೆದೆ. ಎರಡರ ವ್ಯತ್ಯಾಸವೇ ಆ ಚಕ್ರದ ಟೋ. ಎರಡೂ ಕಡೆಯದು ಕೂಡಿದರೆ ಹತ್ತಿರಹತ್ತಿರ 4 ಮಿ.ಮೀ. ಟೋ-ಔಟ್ ಬಂತು.

ಟೈ ರಾಡ್ ಎಂಡ್ ಬಿಚ್ಚುವುದನ್ನು ಮಾಮ ಮಾಡಿ ತೋರಿಸಿದರು, ಬಲಗಡೆಯದನ್ನು ನಾನೇ ಮಾಡಿದೆ. ಹಿಂದಿನ ರಾತ್ರಿಯೇ ತುಕ್ಕಿಗೆ ಎಣ್ಣೆ ಹೊಡೆದಿಟ್ಟಿದ್ದೆವು. ಸ್ಪ್ಲಿಟ್ ಪಿನ್ ಎಳೆದು ನಟ್ಟು ಬಿಚ್ಚಿದರೂ ಕೀಲು ಈಚೆ ಬರುವುದಿಲ್ಲ. ಅದರ ಕಾಂಡ ಮೊನಚಾಗಿ, ಬಾಟಲಿಯ ಬಿರಡೆಯ ಹಾಗೆ ಕಚ್ಚಿ ಕೂತಿರುತ್ತದೆ. ನಾನು ಕಾಂಡದ ತುದಿಗೇ ಸುತ್ತಿಗೆ ಎತ್ತಿದೆ. ಮಾಮ ಕೈ ಹಿಡಿದರು. ಹೊಡೆಯಬೇಕಾದದ್ದು ಅದು ಕೂತಿರುವ ಕಣ್ಣಿನ ಪಕ್ಕಕ್ಕೆ. ಎರಡು ಏಟಿಗೆ ತಾನೇ ಬಿಟ್ಟುಕೊಂಡಿತು. ಹಳೆಯದನ್ನು ಸರಳಿನಿಂದ ತಿರುಪಿ ತೆಗೆಯುವಾಗ ಸುತ್ತು ಎಣಿಸಿಕೊಂಡು, ಹೊಸದನ್ನು ಅಷ್ಟೇ ಸುತ್ತು ಹಾಕಿದೆ. ಕಾರು ರಸ್ತೆಗೆ ಇಳಿಯುವ ಮಟ್ಟಿಗೆ ಇದು ಸಾಕು. ಆದರೆ ಹೊಸ ಭಾಗದ ಉದ್ದ ಕೂದಲೆಳೆ ಬೇರೆಯಾದರೂ ಟೋ ಬದಲಾಗುತ್ತದೆ. ‘ಎಣಿಸಿ ಹಾಕಿದೆ, ಅಳೆಯಬೇಕಿಲ್ಲ’ ಎನ್ನುವವರ ಮಾತು ನಂಬಬೇಡಿ. ನಟ್ಟು ಬಿಗಿದ ಮೇಲೆ ಪಿನ್ನಿನ ತೂತು ಕೂಡದಿದ್ದರೆ ಇನ್ನಷ್ಟು ಬಿಗಿದೇ ಕೂಡಿಸಬೇಕು, ಹಿಂದಕ್ಕೆ ಸಡಿಲಿಸಬಾರದು. ಹಳೇ ಪಿನ್ನನ್ನು ನೆಟ್ಟಗೆ ಮಾಡಿ ಮತ್ತೆ ಹಾಕಲು ಹೋದೆ, ಬೈಸಿಕೊಂಡೆ. ಎರಡು ರೂಪಾಯಿಯ ಪಿನ್ನು ಕಳಚಿದರೆ ಚಕ್ರಕ್ಕೂ ಸ್ಟೇರಿಂಗಿಗೂ ಸಂಬಂಧವೇ ಇರುವುದಿಲ್ಲ.

ಹೊಸ ಕೀಲು, ಹೊಸ ಟೈರು. ಸಂಜೆ ಮತ್ತೆ ದಾರ ಕಟ್ಟಿ, ಸ್ಟೇರಿಂಗನ್ನು ನೆಟ್ಟಗೆ ಹಿಡಿಸಿ ಸೀಟಿಗೆ ಹಗ್ಗದಿಂದ ಬಿಗಿದು, ಲಾಕ್ ನಟ್ಟು ಸಡಿಲಿಸಿ ಸರಳನ್ನು ಕಾಲು ಕಾಲು ಸುತ್ತು ತಿರುಗಿಸಿದೆ. ಎರಡೂ ಕಡೆ ಸಮನಾಗಿ ತಿರುಗಿಸಬೇಕು, ಇಲ್ಲದಿದ್ದರೆ ಕಾರು ನೆಟ್ಟಗೆ ಹೋಗುವಾಗ ಸ್ಟೇರಿಂಗ್ ಸೊಟ್ಟಗಿರುತ್ತದೆ. ಜಾಕ್ ಇಳಿಸಿದ ಕೂಡಲೇ ಅಳೆಯಲೂ ಬಾರದು. ಟೈರುಗಳು ಮುದುಡಿಕೊಂಡು ಕೂತಿರುತ್ತವೆ. ಕಾರನ್ನು ನಾಲ್ಕಾರು ಮೀಟರು ಹಿಂದೆ ಮುಂದೆ ಉರುಳಿಸಬೇಕು. ಪ್ರತಿ ಸಲ ತಳ್ಳಿ ಸಾಕಾಗಿ, ಗೊಬ್ಬರದ ಪ್ಲಾಸ್ಟಿಕ್ ಚೀಲ ಕತ್ತರಿಸಿ ಎರಡು ಪದರದ ನಡುವೆ ಗ್ರೀಸು ಬಳಿದು ಚಕ್ರದಡಿಗೆ ಇಟ್ಟೆ. ಚಕ್ರ ತಾನೇ ಜಾರಿ ಹೊಂದಿಕೊಂಡಿತು. ಅಂಗಡಿಯವರು ಇದಕ್ಕೇ ತಿರುಗುವ ತಟ್ಟೆ ಇಟ್ಟಿರುತ್ತಾರೆ.

ಕತ್ತಲಾಗುವ ಹೊತ್ತಿಗೆ ನಾಲ್ಕೂ ಅಳತೆ ಒಂದೇ ಬಂತು. ಸೊನ್ನೆ. ಫೋಟೊ ತೆಗೆದು ಗೆಳೆಯರಿಗೆಲ್ಲ ಕಳಿಸಿದೆ.

ಮರುದಿನ ಬೆಳಿಗ್ಗೆ ಅಪ್ಪ ಒಂದು ಸುತ್ತು ಓಡಿಸಿಕೊಂಡು ಬಂದರು. ‘ಎಳೆಯೋದು ನಿಂತಿದೆ. ಆದ್ರೆ ಕಾರು ಕುಣಿಯುತ್ತೆ ಕಣೋ. ಎಮ್ಮೆ ಕರು ಹಗ್ಗ ಹಿಡಿದ ಹಾಗೆ, ಒಂಚೂರು ಕೈ ಅಲ್ಲಾಡಿದ್ರೂ ಆ ಕಡೆ ಈ ಕಡೆ ಓಡುತ್ತೆ.’ ನನ್ನ ಅಳತೆ ಸರಿಯಿದೆ, ನಿಮಗೆ ಹೊಸ ಟೈರಿನ ಅಭ್ಯಾಸವಿಲ್ಲ ಎಂದು ವಾದಿಸಿದೆ. ಎರಡು ದಿನ ವಾದಿಸಿದೆ. ಮೂರನೆಯ ದಿನ ಟೈರಿನ ಗಾಳಿಯ ಒತ್ತಡ ಎಷ್ಟಿರಬೇಕೆಂದು ನೋಡಲು ಮ್ಯಾನುಯಲ್ ತೆರೆದವನಿಗೆ ಪಕ್ಕದ ಪಟ್ಟಿಯಲ್ಲಿ ಎರಡು ಸಂಖ್ಯೆ ಕಂಡವು. ಮುಂದಿನ ಚಕ್ರಗಳ ನಡುವಿನ ಅಂತರ 1215 ಮಿ.ಮೀ., ಹಿಂದಿನದು 1200.

ಮುಂದಿನ ಎರಡು ಚಕ್ರ ಹಿಂದಿನವಕ್ಕಿಂತ 15 ಮಿ.ಮೀ. ಅಗಲವಾಗಿ ನಿಂತಿವೆ. ನಾನು ನಾಲ್ಕೂ ಹಬ್ಬಿನಿಂದ ಒಂದೇ ಅಂತರಕ್ಕೆ ದಾರ ಕಟ್ಟಿದ್ದೆ. ಹಾಗೆ ಕಟ್ಟಿದರೆ ಎರಡು ದಾರಗಳು ಸಮಾನಾಂತರವೇ ಅಲ್ಲ. ಮುಂದೆ ಅಗಲ, ಹಿಂದೆ ಕಿರಿದು. ಮುಂದಿನ ಹಿಂದಿನ ಚಕ್ರಗಳ ನಡುವೆ 2175 ಮಿ.ಮೀ. ಆ ಉದ್ದಕ್ಕೆ ಒಂದೊಂದು ಬದಿಯಲ್ಲಿ 7.5 ಮಿ.ಮೀ. ಓರೆ. ರಿಮ್ಮಿನ 330 ಮಿ.ಮೀ.ಗೆ ಲೆಕ್ಕ ಹಾಕಿದರೆ ಒಂದು ಚಕ್ರಕ್ಕೆ ಸುಮಾರು 1.1, ಎರಡಕ್ಕೂ ಸೇರಿ 2.3 ಮಿ.ಮೀ. ತಪ್ಪು. ನಾನು ಸೊನ್ನೆ ಎಂದು ಸಂಭ್ರಮಪಟ್ಟಿದ್ದು ನಿಜವಾಗಿ 2.3 ಮಿ.ಮೀ. ಟೋ-ಔಟ್. ಕಾರು ಕುಣಿಯದೆ ಇನ್ನೇನು ಮಾಡೀತು? ಮೊದಲ ದಿನದ 4 ಮಿ.ಮೀ.ಗೂ ಇದನ್ನು ಕೂಡಿಸಿದರೆ ಆಗ ಇದ್ದದ್ದು 6ಕ್ಕೂ ಮೀರಿ. ಒಂದು ಚಕ್ರಕ್ಕೆ 3. ಅಪ್ಪನಿಗೆ ತೋರಿಸಿದ್ದ ಆ ಒಂಬತ್ತು ಮೀಟರಿನ ಲೆಕ್ಕ ಊಹೆಯಿಂದ ಹಾಕಿದ್ದು, ನಮ್ಮ ಕಾರಿನ ಪಾಲಿಗೆ ನಿಜವೇ ಆಗಿತ್ತು.

ಎರಡು ದಿನ ಆ ಕಾರಿನಲ್ಲಿ ಅಪ್ಪ ಹೊನ್ನವಳ್ಳಿಗೆ ಹೋಗಿ ಬಂದಿದ್ದರು. ಸ್ಕೇಲು ಹಿಡಿದವನು ನಾನು, ಸರಿ ಹೇಳಿದವರು ಅವರು.

ಅಂಗಡಿಯಿಂದ ವೈರಿಂಗ್ ಪೈಪು ಎರಡು ತಂದು 1.8 ಮೀಟರಿಗೆ ಕತ್ತರಿಸಿದೆ. ಎರಡರಲ್ಲೂ ಸರಿಯಾಗಿ 1600 ಮಿ.ಮೀ. ಅಂತರಕ್ಕೆ ಗರಗಸದಲ್ಲಿ ಗೀರು ಹಾಕಿ, ಒಂದನ್ನು ಕಾರಿನ ಮುಂದೆ, ಒಂದನ್ನು ಹಿಂದೆ ಅಡ್ಡಲಾಗಿ ಇಟ್ಟು ಗೀರಿನಲ್ಲಿ ದಾರ ಕೂರಿಸಿದೆ. ಈಗ ಎರಡು ದಾರಗಳ ನಡುವೆ ಎಲ್ಲಿ ಅಳೆದರೂ ಒಂದೇ ಅಂತರ. ಮುಂದಿನ ಎಡ ಬಲ ಹಬ್ಬುಗಳಿಗೆ ಒಂದೇ ಅಂತರ, ಹಿಂದಿನ ಎಡ ಬಲಕ್ಕೆ ಒಂದೇ ಅಂತರ ಬರುವ ತನಕ ಪೈಪು ಸರಿಸಿದರೆ ಮುಗಿಯಿತು. ಹಿಂದಿನ ಹಬ್ಬು ದಾರದಿಂದ 7.5 ಮಿ.ಮೀ. ಹೆಚ್ಚು ದೂರದಲ್ಲಿ ತಾನಾಗಿಯೇ ಕೂತಿತು. ಅದನ್ನು ನೋಡಿದಾಗಿನ ಸಮಾಧಾನ ಯಾವ ಇಂಟರ್ನಲ್ಸ್‌ನಲ್ಲೂ ಸಿಕ್ಕಿಲ್ಲ. ಹಳೇ ರಿಮ್ಮು ಸ್ವಲ್ಪ ಸೊಟ್ಟಗಿದ್ದೇ ಇರುತ್ತದೆ. ಅದಕ್ಕೆ ಅಳೆದ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಕಾರನ್ನು ಚಕ್ರದ ಅರ್ಧ ಸುತ್ತು ಉರುಳಿಸಿ ಮತ್ತೆ ಅಳೆದು ಸರಾಸರಿ ತೆಗೆದೆ. ಒಟ್ಟು 1 ಮಿ.ಮೀ. ಟೋ-ಇನ್ ಇಟ್ಟು ಲಾಕ್ ನಟ್ಟು ಬಿಗಿದೆ. ನಿಮ್ಮ ಕಾರಿಗೆ ಎಷ್ಟು ಎಂಬುದನ್ನು ನಿಮ್ಮ ಕಾರಿನ ಮ್ಯಾನುಯಲ್ ನೋಡಿಯೇ ಇಡಿ.

ನಂತರ ಅದೇ ಬೈಪಾಸಿನ ಅಂಗಡಿಗೆ ಹೋಗಿ ಮತ್ತೆ 400 ರೂಪಾಯಿ ಕೊಟ್ಟು ಬರೀ ನೋಡಿ ಎಂದೆ. ಎಡ 0.10 ಡಿಗ್ರಿ, ಬಲ 0.06. ನನ್ನ ಲೆಕ್ಕದಲ್ಲಿ ಎರಡೂ ಕಡೆ 0.09ರ ಹತ್ತಿರ ಇರಬೇಕಿತ್ತು. ಒಟ್ಟು ಸರಿಯಿದೆ, ಹಂಚಿಕೆಯಲ್ಲಿ ಒಂದಿಷ್ಟು ಹೆಚ್ಚುಕಮ್ಮಿ. ಸ್ಟೇರಿಂಗ್ ಒಂದು ಕೂದಲು ಸೊಟ್ಟ ನಿಲ್ಲುವುದು ಅದಕ್ಕೇ ಇರಬೇಕು.

ದುಡ್ಡಿನ ಲೆಕ್ಕವನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಸ್ಟ್ಯಾಂಡು, ಕೀಲು, ಎಣ್ಣೆ, ಪರೀಕ್ಷೆಯ ಶುಲ್ಕ ಎಲ್ಲ ಸೇರಿ ಗ್ಯಾರೇಜಿನಲ್ಲಿ ಮಾಡಿಸಿದ್ದರೆ ಆಗುತ್ತಿದ್ದದ್ದಕ್ಕಿಂತ ಹೆಚ್ಚೇ ಆಯಿತು. ಎರಡು ಭಾನುವಾರ ಬೇರೆ. ಉಳಿತಾಯಕ್ಕೆ ಎಂದು ಯಾರಾದರೂ ಇದಕ್ಕೆ ಕೈ ಹಾಕಿದರೆ ಮೊದಲ ವರ್ಷ ನಿರಾಸೆಯೇ. ಎಲ್ಲ ಕಾರಿಗೂ ಇದು ಒಗ್ಗುವುದೂ ಇಲ್ಲ. ಹಿಂದಿನ ಚಕ್ರಗಳಲ್ಲೂ ಟೋ ಹೊಂದಿಸುವ ಕಾರುಗಳಿವೆ. ಸ್ಟೇರಿಂಗಿನ ಕೋನ ಓದುವ ಸೆನ್ಸರ್, ಗಾಜಿನ ಹಿಂದೆ ಕ್ಯಾಮೆರಾ ಇರುವ ಈಚಿನ ಕಾರುಗಳಿಗೆ ಅಲೈನ್‌ಮೆಂಟ್ ಆದ ಮೇಲೆ ಅವನ್ನೂ ಹೊಂದಿಸಬೇಕಾಗಬಹುದು. ಅಲ್ಲಿ ನನ್ನ ತೆಂಗಿನ ದಾರದ ಆಟ ನಡೆಯುವುದಿಲ್ಲ. 2014ರಲ್ಲೇ ತಯಾರಿಕೆ ನಿಂತುಹೋದ 800ರಂಥ ಸರಳ ಕಾರಿಗೆ ಸರಿ. ನಮ್ಮದು 2007ರದ್ದು. ಹದಿನೈದು ವರ್ಷ ತುಂಬಿದಾಗ ನೋಂದಣಿ ನವೀಕರಣದ ಶುಲ್ಕ 5,000 ರೂಪಾಯಿಗೆ ಏರಿಯಾಗಿತ್ತು. ಮಾರೋಣವೇ ಎಂದು ಮನೆಯಲ್ಲಿ ಚರ್ಚೆ ನಡೆದು ಉಳಿಸಿಕೊಂಡ ಕಾರಿದು.

ಹಾಸ್ಟೆಲಿಗೆ ಮರಳಿ ಈ ಕಥೆ ಹೇಳಿದ್ದೇ ತಡ, ಗೆಳೆಯನೊಬ್ಬ ತನ್ನ ಹಳೇ ಝೆನ್ ನೋಡು ಬಾ ಎಂದು ಎಳೆದುಕೊಂಡು ಹೋದ. ಅದು ಅವನ ಪ್ರಾಜೆಕ್ಟ್ ಕಾರು. ಸೆಕೆಂಡ್ ಹ್ಯಾಂಡ್ ಕೊಂಡು, ಮುಂದಿನ ಸ್ಪ್ರಿಂಗುಗಳನ್ನು ಒಂದು ಸುತ್ತು ಕತ್ತರಿಸಿ ನೆಲಕ್ಕೆ ಹತ್ತಿರ ಮಾಡಿಸಿದ್ದ. ನೋಡಲು ಚೆನ್ನಾಗಿಯೇ ಇತ್ತು. ಟೈರು ಮುಟ್ಟಿದರೆ ಒಳಅಂಚಿನಲ್ಲಿ ಅದೇ ಗರಗಸ. ಕಾರನ್ನು ತಗ್ಗಿಸಿದರೆ ಕೆಳಗಿನ ತೋಳು, ಟೈ ರಾಡ್ ಎರಡರ ಓರೆಯೂ ಬದಲಾಗುತ್ತದೆ. ಚಕ್ರದ ತಲೆ ಒಳಕ್ಕೆ ವಾಲುತ್ತದೆ, ಟೋ ಎಲ್ಲಿಗೋ ಹೋಗುತ್ತದೆ. ಸ್ಪ್ರಿಂಗ್ ಮುಟ್ಟಿದ ಮೇಲೆ ಅಲೈನ್‌ಮೆಂಟ್ ಮಾಡಿಸಲೇಬೇಕು ಎಂದು ಕತ್ತರಿಸಿದವರು ಅವನಿಗೆ ಹೇಳಿರಲಿಲ್ಲ. ಅದಕ್ಕಿಂತ ದೊಡ್ಡ ಅಪಾಯ ಕತ್ತರಿಸಿದ ಸ್ಪ್ರಿಂಗಿನದೇ. ಗುಂಡಿಯಲ್ಲಿ ಚಕ್ರ ಕೆಳಗೆ ಇಳಿದಾಗ ಅದು ತನ್ನ ಜಾಗ ಬಿಟ್ಟು ಸರಿಯಬಹುದು. ಕಾನೂನೂ ಅವನ ಕಡೆಗಿಲ್ಲ. ತಯಾರಕರು ಕೊಟ್ಟ ಮೂಲ ರೂಪಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಆಧರಿಸಿ ಹೇಳಿದೆ. ಕಾನೂನಿನ ಮಾತಿಗೆ ಅವನು ನಕ್ಕ. ಇಟ್ಟಿಗೆ ಒಡೆದ ಕಥೆಗೆ ನಗಲಿಲ್ಲ. ಗುಜರಿಯಿಂದ ಮೂಲ ಅಳತೆಯ ಸ್ಪ್ರಿಂಗ್ ಹುಡುಕುತ್ತಿದ್ದಾನೆ. ಸಿಕ್ಕ ದಿನ ನನ್ನ ದಾರ, ಸ್ಟ್ಯಾಂಡು ಎರಡನ್ನೂ ಒಯ್ಯುವುದೆಂದು ಮಾತಾಗಿದೆ.

ಮೊನ್ನೆ ಅದಕ್ಕಾಗಿಯೇ ಊರಿಗೆ ಹೋಗಿದ್ದೆ. ಟೈರುಗಳು 3,000 ಕಿ.ಮೀ. ಓಡಿವೆ. ಅಂಗೈ ಸವರಿದೆ, ಎರಡೂ ಕಡೆಗೂ ನುಣ್ಣಗಿದೆ. ಗೋಡೆಗೆ ಒರಗಿಸಿಟ್ಟಿದ್ದ ಪೈಪುಗಳಲ್ಲಿ ಒಂದು ಮಾತ್ರ ಇತ್ತು. ಇನ್ನೊಂದು ಎಲ್ಲಿ ಎಂದರೆ ಅಪ್ಪ ತಲೆ ಎತ್ತದೆ ಮೋಟರಿಗೆ ಕಾಯಿಲ್ ಸುತ್ತುತ್ತಲೇ, ‘ಅರ್ಜೆಂಟ್ ಒಂದು ವೈರಿಂಗ್ ಕೆಲಸ ಬಂತು, ಹಾಕಿಬಿಟ್ಟೆ’ ಅಂದರು. ಗೀರು ಹಾಕಿದ್ದ ಎರಡು ತುದಿಗಳನ್ನು ಮಾತ್ರ ಕತ್ತರಿಸಿ, ಸೇಫಾಗಿ ಇರಲಿ ಎಂದು ಡ್ರಾಯರಿನಲ್ಲಿ ಇಟ್ಟಿದ್ದಾರೆ.